ಬೆರಳಿನ ಗಂಟು, ರಕ್ತದ ಕೊಬ್ಬು

ಎಲ್ಲರಿಗೂ ನಮಸ್ಕಾರ. ಬೆಳಗಿನ ಈ ಹೊತ್ತಿನಲ್ಲಿ ರೇಡಿಯೋ ಹಾಕಿಕೊಂಡವರಲ್ಲಿ ಅರ್ಧ ಜನ ಒಲೆಯ ಮುಂದೆ ಇರುತ್ತೀರಿ, ಇನ್ನರ್ಧ ಜನ ಕಾಫಿ ಲೋಟ ಹಿಡಿದು ಕೂತಿರುತ್ತೀರಿ ಅಂತ ನನ್ನ ಅಂದಾಜು. ಒಲೆ ಸಣ್ಣ ಮಾಡಿ, ಲೋಟ ಕೆಳಗಿಡಿ. ಎರಡೂ ಅಂಗೈ ಕೆಳಮುಖ ಮಾಡಿ ಬೆರಳುಗಳನ್ನೊಮ್ಮೆ ನೋಡಿಕೊಳ್ಳಿ. ಉಗುರಿನ ಹಿಂದೆಯೇ ಒಂದು ಗೆಣ್ಣಿದೆಯಲ್ಲ, ಅದರ ಎರಡೂ ಮಗ್ಗುಲಲ್ಲಿ ಗಟ್ಟಿಯಾದ ಗಂಟು ಕೈಗೆ ತಗಲುತ್ತದೆಯೇ? ಐವತ್ತು ದಾಟಿದ ಹೆಂಗಸರಲ್ಲಿ ಬಹಳ ಮಂದಿಗೆ ತಗಲುತ್ತದೆ. ನಿಮ್ಮ ತಾಯಿಯ ಕೈಯಲ್ಲೂ ನೀವು ನೋಡಿರಬಹುದು.

ರಕ್ತದಲ್ಲಿ ಹೆಚ್ಚಾದ ಕೊಬ್ಬು, ಅಂದರೆ ಕೊಲೆಸ್ಟ್ರಾಲ್, ಬೆರಳಿಗಿಳಿದು ಹೀಗೆ ಗಂಟಾಗುತ್ತದೆ ಅಂತ ಬಹಳ ಜನ ಹೇಳುತ್ತಾರೆ. ಅದು ಕೊಬ್ಬಲ್ಲ. ಇದೊಂದು ಮಾತು ಹೇಳುವುದಕ್ಕೇ ನಾನು ಇವತ್ತು ಬಂದಿರುವುದು. ಅದು ಎಲುಬು. ಕೀಲಿನೊಳಗೆ ಎಲುಬಿನ ತುದಿಗೆ ಹೊದಿಸಿರುವ ನುಣುಪಾದ ಮೃದ್ವಸ್ಥಿ ಸವೆದಾಗ ಅಂಚಿನಲ್ಲಿ ಹೊಸ ಎಲುಬು ಚಿಗುರುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್ ಈ ಗಂಟು ಸಣ್ಣ ಬಟಾಣಿಯಷ್ಟಿರುತ್ತದೆ ಅಂತ ಬರೆದಿಟ್ಟರು. ಅವರು ತೀರಿಕೊಂಡ ಮರುವರ್ಷ, 1802ರಲ್ಲಿ, ಆ ಪುಸ್ತಕ ಅಚ್ಚಾಯಿತು. ಯೂರಿಕ್ ಆಮ್ಲದ ಹರಳು ಕೂತು ಕೀಲು ಊದುವ ಗೌಟ್ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ ಅಂತಲೂ ಅದರಲ್ಲಿದೆ. ಅವರು ಗೌಟ್ ಅಲ್ಲ ಅಂದರು, ನಾನು ಕೊಲೆಸ್ಟ್ರಾಲ್ ಅಲ್ಲ ಅನ್ನುತ್ತಿದ್ದೇನೆ.

ಹಾಗಾದರೆ ಕೊಲೆಸ್ಟ್ರಾಲ್ ಹೆಸರು ಇಲ್ಲಿಗೆ ಬಂದದ್ದು ಹೇಗೆ? ಮೈ ತೂಕ ಹೆಚ್ಚಿದವರಿಗೆ ಮಂಡಿ ಸವೆಯುತ್ತದೆ, ಅದು ಯಾರಿಗಾದರೂ ಅರ್ಥವಾಗುತ್ತದೆ. ಆದರೆ ತೂಕ ಹೆಚ್ಚಿದವರಲ್ಲಿ ಕೈಬೆರಳಿನ ಸವೆತವೂ ಜಾಸ್ತಿ. ಕೈ ಮೇಲೆ ಯಾರೂ ನಡೆಯುವುದಿಲ್ಲವಲ್ಲ! ಅಂದಮೇಲೆ ಭಾರ ಒಂದೇ ಕಾರಣವಲ್ಲ, ರಕ್ತದಲ್ಲಿ ಓಡಾಡುವ ಯಾವುದೋ ಒಂದು ಕೀಲನ್ನು ಕೆಣಕುತ್ತಿದೆ ಎಂಬ ಅನುಮಾನ ಬಂತು. ಆ ಅನುಮಾನದ ಸಾಲಿನಲ್ಲಿ ಕೊಲೆಸ್ಟ್ರಾಲನ್ನೂ ನಿಲ್ಲಿಸಿದರು. ಕೆಲವು ಅಧ್ಯಯನ ಸಂಬಂಧ ಇದೆ ಅಂದವು, ಕೆಲವು ಇಲ್ಲ ಅಂದವು. ಕೊಲೆಸ್ಟ್ರಾಲ್ ಇಳಿಸಿದರೆ ಬೆರಳಿನ ಗಂಟು ಕರಗುತ್ತದೆ ಅಂತ ಮಾತ್ರ ಯಾರೂ ತೋರಿಸಿಕೊಟ್ಟಿಲ್ಲ. ವಾಟ್ಸಾಪ್‌ನಲ್ಲಿ ತೋರಿಸಿದ್ದಾರೆ, ಅದು ಬೇರೆ ವಿಷಯ.

ಒಬ್ಬ ತಾಯಿಯ ಕಥೆ ಹೇಳುತ್ತೇನೆ. ಮೈಸೂರಿನವರು, ಐವತ್ತೆಂಟು ವಯಸ್ಸು, ಹೂ ಕಟ್ಟುವ ಕಸುಬು. ಬಾಳೆನಾರು ಎಳೆದು, ಎರಡು ಮಲ್ಲಿಗೆ ಈ ಕಡೆ, ಎರಡು ಆ ಕಡೆ, ಸುತ್ತಿ ಬಿಗಿದು, ದಿನಕ್ಕೆ ನೂರಾರು ಗಂಟು ಹಾಕುವ ಕೈ. ಆ ಕೈಯ ಮೇಲೇ ಗಂಟೆದ್ದಿತ್ತು. ತರಕಾರಿ ಕವರಿನಲ್ಲಿ ರಿಪೋರ್ಟ್ ಸುತ್ತಿಕೊಂಡು ಬಂದಿದ್ದರು. ಒಟ್ಟು ಕೊಲೆಸ್ಟ್ರಾಲ್ 232. "ಕೊಬ್ಬು ಬೆರಳಿಗೆ ಇಳಿದುಬಿಟ್ಟಿದೆಯಂತೆ ಸಾರ್, ಕರಗಿಸೋಕೆ ಏನಾದ್ರೂ ಕೊಡಿ" ಅಂದರು.

"ಮೊದಲಿಂದ ಏನು ಮಾತ್ರೆ ತಗೋತಿದ್ರಿ ಅಮ್ಮ?" ಅಂತ ಕೇಳಿದೆ. ಸಕ್ಕರೆ ಕಾಯಿಲೆ ಇತ್ತು, ಬಿಪಿ ಇತ್ತು, ಅದಕ್ಕೆಂದು ಕೊಲೆಸ್ಟ್ರಾಲ್ ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಪಕ್ಕದ ಮನೆಯಾಕೆ ಆ ಮಾತ್ರೆ ಕೀಲು ತಿನ್ನುತ್ತದೆ ಅಂದಳಂತೆ. ನಾಲ್ಕು ತಿಂಗಳ ಹಿಂದೆಯೇ ನಿಲ್ಲಿಸಿದ್ದಾರೆ! ಬದಲಿಗೆ ಬೆಳಿಗ್ಗೆ ಮೆಂತ್ಯದ ನೀರು. ನನಗೆ ಸ್ವಲ್ಪ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಸ್ಟ್ಯಾಟಿನ್ ಎಂಬ ಆ ಮಾತ್ರೆಯಿಂದ ಕೆಲವರಿಗೆ ತೊಡೆ, ಭುಜದ ಮಾಂಸಖಂಡ ನೋಯುವುದುಂಟು. ಆಗ ವೈದ್ಯರಿಗೆ ಹೇಳಿದರೆ ಬದಲಾಯಿಸಿ ಕೊಡುತ್ತಾರೆ. ಉಗುರಿನ ಹಿಂದೆ ಎಲುಬು ಬೆಳೆಸುವ ಕೆಲಸ ಅದು ಮಾಡುವುದಿಲ್ಲ.

ಇಷ್ಟು ಹೇಳುತ್ತಿದ್ದೆ. ಅಷ್ಟರಲ್ಲಿ ಸ್ಕೂಟರ್ ನಿಲ್ಲಿಸಿ ಮಗ ಒಳಗೆ ಬಂದ. ಮೂವತ್ತಾರರ ಗಟ್ಟಿಮುಟ್ಟು ಆಳು. ಹೆಲ್ಮೆಟ್ ಹಿಡಿದ ಅವನ ಕೈ ಮೇಲೆ ನನ್ನ ಕಣ್ಣು ನಿಂತಿತು. ಮುಷ್ಟಿ ಕಟ್ಟಿದಾಗ ಎದ್ದು ನಿಲ್ಲುವ ಗೆಣ್ಣುಗಳಿವೆಯಲ್ಲ, ಅವುಗಳ ಮೇಲೆ ಎರಡು ಮೂರು ಉಬ್ಬು. "ಬೆರಳು ಮಡಚಿ ಬಿಡಿಸಪ್ಪ" ಅಂದೆ. ಬೆರಳು ಎಳೆಯುವ ಹುರಿಯ ಜೊತೆ ಉಬ್ಬೂ ಹಿಂದೆ ಮುಂದೆ ಜಾರಿತು. ಚಪ್ಪಲಿ ಬಿಡಿಸಿದೆ. ಹಿಮ್ಮಡಿಯ ಮೇಲಿನ ಹುರಿ ಹೆಬ್ಬೆರಳಿಗಿಂತ ದಪ್ಪ. ನೋಯುತ್ತದೆಯೇ ಅಂದರೆ, "ಇಲ್ಲ ಸಾರ್, ಚಿಕ್ಕಂದಿನಿಂದ ಹಂಗೇ ಇದೆ. ನಮ್ಮಪ್ಪಂಗೂ ಇತ್ತು." ಅಪ್ಪ ಏನಾದರು? ನಲವತ್ತೊಂದಕ್ಕೆ ಹಾರ್ಟ್ ಅಟ್ಯಾಕ್.

ಅಮ್ಮನ ಬೆರಳಲ್ಲಿ ಹುಡುಕುತ್ತಿದ್ದ ಕೊಬ್ಬು ಮಗನ ಬೆರಳಲ್ಲಿತ್ತು ನೋಡಿ! ಪರೀಕ್ಷೆ ಮಾಡಿಸಿದರೆ ಅವನ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 310. ಸಾಮಾನ್ಯವಾಗಿ 100ರೊಳಗೆ ಇದ್ದರೆ ಚೆನ್ನ. ಇದು ವಂಶದಲ್ಲಿ ಇಳಿದು ಬರುವಂಥದ್ದು, ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ನಮ್ಮ ಪಿತ್ತಜನಕಾಂಗಕ್ಕೆ ಸಣ್ಣ ಸಣ್ಣ ಬಾಗಿಲುಗಳಿವೆ. ರಕ್ತದಲ್ಲಿನ ಕೆಟ್ಟ ಕೊಲೆಸ್ಟ್ರಾಲನ್ನು ಅವು ಒಳಕ್ಕೆಳೆದುಕೊಳ್ಳುತ್ತವೆ. ಇವರಲ್ಲಿ ಅರ್ಧ ಬಾಗಿಲು ಕೆಲಸ ಮಾಡುವುದಿಲ್ಲ. ಹುಟ್ಟಿದಂದಿನಿಂದಲೇ ರಕ್ತದಲ್ಲಿ ಕೊಬ್ಬು ಏರಿ, ಹುರಿಗಳಲ್ಲೂ ಹೃದಯದ ರಕ್ತನಾಳಗಳಲ್ಲೂ ಕೂರುತ್ತದೆ. ಈ ಬಾಗಿಲುಗಳನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ನಮ್ಮ ಹುಡುಗನಿಗೆ ಮಾತ್ರೆ ಶುರುವಾಯಿತು. ಅವನ ಒಂಬತ್ತು ವರ್ಷದ ಮಗಳ ರಕ್ತವನ್ನೂ ನೋಡಿದೆವು. ಅವಳಿಗೂ ಇತ್ತು. ಮಕ್ಕಳಿಗೆ ಬರುವ ಸಂಭವ ಅರ್ಧಕ್ಕರ್ಧ.

ಇನ್ನೂ ಒಂದು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅಮ್ಮನ ಬೆರಳು ನೋಯುತ್ತಿತ್ತು, ಅದು ಕೊಲೆಸ್ಟ್ರಾಲ್ ಅಲ್ಲ. ಮಗನಿಗೆ ನೋವೇ ಇರಲಿಲ್ಲ, ಅದು ಕೊಲೆಸ್ಟ್ರಾಲ್. ಬೆರಳು ನೋಯುತ್ತಿದೆ ಅಂತ ಕೊಲೆಸ್ಟ್ರಾಲ್ ಅಳೆಯಬೇಡಿ, ನೋವಿಲ್ಲ ಅಂತ ಅಳೆಯದೆಯೂ ಇರಬೇಡಿ. ಅದಕ್ಕೆ ರಕ್ತ ಪರೀಕ್ಷೆಯೊಂದೇ ದಾರಿ. ಮನೆಯಲ್ಲಿ ಯಾರಾದರೂ ನಲವತ್ತು ಐವತ್ತರೊಳಗೆ ಹೃದಯಾಘಾತದಿಂದ ಹೋಗಿದ್ದರೆ ಈ ವಾರವೇ ಮಾಡಿಸಿ.

ಗಡಿಯಾರ ನೋಡಿದರೆ ನನ್ನ ಸಮಯ ಮುಗಿಯುತ್ತಾ ಬಂದಿದೆ. ಹೇಳಬೇಕಾದದ್ದು ಇನ್ನೂ ಇತ್ತು. ರುಮಟಾಯ್ಡ್ ಸಂಧಿವಾತ ಬೇರೆ ಕಾಯಿಲೆ. ಬೆಳಿಗ್ಗೆ ಎದ್ದಾಗ ಒಂದು ಗಂಟೆಯಾದರೂ ಕೈ ಸಡಿಲವಾಗದಿದ್ದರೆ, ಮಣಿಕಟ್ಟು, ಬೆರಳ ಬುಡ ಎರಡೂ ಕೈಯಲ್ಲಿ ಮೆತ್ತಗೆ ಊದಿದ್ದರೆ, ತಡಮಾಡದೆ ತೋರಿಸಿ. ಆ ಕಾಯಿಲೆ ಜೋರಾಗಿದ್ದಾಗ ಕೊಲೆಸ್ಟ್ರಾಲ್ ಕಡಿಮೆಯೇ ಕಾಣಿಸುತ್ತದೆ, ಆದರೆ ಹೃದಯಕ್ಕೆ ಅಪಾಯ ಹೆಚ್ಚು. ಇದಕ್ಕೇ ಒಂದು ಭಾಷಣ ಬೇಕು.

ಸವೆತದ ಗಂಟಿಗೆ ಏನು ಮಾಡಬೇಕು ಅಂತ ಕೇಳುತ್ತೀರಿ. ಬಿಸಿನೀರಿನಲ್ಲಿ ಹತ್ತು ನಿಮಿಷ ಕೈ ಅದ್ದಿ. ನೋವಿದ್ದಲ್ಲಿ ವೈದ್ಯರು ಹೇಳಿದ ಮುಲಾಮು ಹಚ್ಚಿ. ಹೆಬ್ಬೆರಳ ಬುಡ ನೋಯುವವರು ಒದ್ದೆ ಬೆಡ್‌ಶೀಟ್ ಹಿಂಡುವ ಕೆಲಸ ಮನೆಯ ಗಂಡಸರಿಗೆ ಬಿಡಿ. ಸೌಟಿನ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿಕೊಳ್ಳಿ. ಆ ಹೂವಿನ ಅಮ್ಮ ಈಗ ಅರ್ಧ ಗಂಟೆ ಕಟ್ಟಿ ಐದು ನಿಮಿಷ ಕೈ ಬಿಡುತ್ತಾರೆ, ನಿಲ್ಲಿಸಿದ್ದ ಮಾತ್ರೆ ಮತ್ತೆ ನುಂಗುತ್ತಿದ್ದಾರೆ. ಮೆಂತ್ಯದ ನೀರನ್ನೂ ಬಿಟ್ಟಿಲ್ಲ, ಕುಡಿಯಲಿ ಬಿಡಿ.

ನಿಲ್ಲಿಸಿ ಅಂತ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ನಮಸ್ಕಾರ.