ಬಂದೂಕು ಹಿಡಿದಿದ್ದವರ ಕೈಗೆ ಮೊಬೈಲ್ ಕೊಟ್ಟಾಗ ಏನಾಯ್ತು?

ಒಂದು ಕಾಲಕ್ಕೆ ಕೊಲ್ಲಲು ಹೊರಟವನು, ಎದುರು ಪಾಳಯದವನ ಜೊತೆ ಕೂತು ಮಾತಾಡಿದರೆ ನಿಜವಾಗಿ ಬದಲಾಗುತ್ತಾನಾ? ನಿಮ್ಮಲ್ಲಿ ತುಂಬಾ ಜನ ಕೇಳಿದ್ದಿರಿ. ಉತ್ತರ ಇರುವುದು ಉತ್ತರ ಐರ್ಲೆಂಡಿನಲ್ಲಿ. (ಸಾರಿ, ಈ ಜೋಕ್ ಬಿಡೋಕಾಗಲಿಲ್ಲ.)

[ಮ್ಯಾಪ್]

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಉತ್ತರ ಐರ್ಲೆಂಡ್ ಇರುವುದು ಐರ್ಲೆಂಡ್ ದ್ವೀಪದಲ್ಲಿ, ಆದರೆ ಬ್ರಿಟನ್ ಆಡಳಿತದಡಿ. ಐರ್ಲೆಂಡ್ ಒಂದಾಗಬೇಕು ಅನ್ನುವ ರಿಪಬ್ಲಿಕನ್ನರು, ಬಹುಪಾಲು ಕ್ಯಾಥೊಲಿಕರು. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಲಾಯಲಿಸ್ಟರು, ಬಹುಪಾಲು ಪ್ರಾಟೆಸ್ಟಂಟರು. ಸುಮಾರು 30 ವರ್ಷದ ಸಂಘರ್ಷ, 3,500ಕ್ಕೂ ಜಾಸ್ತಿ ಸಾವು. 1998ರಲ್ಲಿ ಗುಡ್ ಫ್ರೈಡೇ ಶಾಂತಿ ಒಪ್ಪಂದ. ಆಮೇಲೆ ಈ ಸಂಘರ್ಷದಲ್ಲಿ ಜೈಲು ಸೇರಿದ್ದ ಎರಡೂ ಕಡೆಯ 400ಕ್ಕೂ ಹೆಚ್ಚು ಕೈದಿಗಳು ಅವಧಿಗೆ ಮೊದಲೇ ಹೊರಬಂದರು.

ಈಗ ನನಗೆ ತುಂಬಾ ಇಷ್ಟವಾದ ಭಾಗ.

ಅಲ್ಲಿನ ರಾಜಧಾನಿ ಬೆಲ್‌ಫಾಸ್ಟಿನಲ್ಲಿ ಎರಡು ಸಮುದಾಯಗಳ ಬೀದಿಗಳ ನಡುವೆ ಎತ್ತರದ ಗೋಡೆಗಳಿವೆ. ಆಗೆಲ್ಲ ಸಂಜೆ ಈ ಕಡೆಯ ಹುಡುಗರು ಕಲ್ಲು ತೂರುತ್ತಿದ್ದರು, ಆ ಕಡೆಯಿಂದ ಬಾಟಲಿ ಬರುತ್ತಿತ್ತು. ಜೊತೆಗೆ ಗಾಳಿಸುದ್ದಿ. 1990ರ ದಶಕದ ಕೊನೆಯಲ್ಲಿ ಎರಡೂ ಕಡೆಯ ಕೆಲವರಿಗೆ ಮೊಬೈಲ್ ಕೊಟ್ಟರು. ಅವರಲ್ಲಿ ಮಾಜಿ ಕೈದಿಗಳೂ ಇದ್ದರು. ಗಲಾಟೆ ಶುರುವಾದರೆ ಗೋಡೆಯಾಚೆಯವನಿಗೆ ಫೋನ್: "ನಮ್ಮ ಹುಡುಗರನ್ನು ನಾನು ಹಿಂದೆ ಕಳಿಸುತ್ತೇನೆ, ನಿಮ್ಮವರನ್ನು ನೀನು ನೋಡಿಕೋ." ಅಷ್ಟೇ.

ಮಾಜಿ ಕೈದಿಯೇ ಯಾಕೆ? ಬೀದಿಜಗಳ ಬಿಡಿಸಲು ಸಾಧು ಮೇಷ್ಟ್ರು ಬಂದರೆ ಹುಡುಗರು ನಗುತ್ತಾರೆ. ಗರಡಿಯ ಹಳೇ ಪೈಲ್ವಾನ ಬಂದು "ಸಾಕು, ನಡೀರಿ" ಅಂದರೆ ಕಲ್ಲು ಕೆಳಗೆ ಬೀಳುತ್ತೆ, ಅಲ್ವಾ? ಜೈಲಿಗೆ ಹೋಗಿದ್ದೇ ಇಲ್ಲಿ ಅವನ ತೂಕ.

ಗಮನಿಸಿ, ಗೋಡೆಯ ಆ ಕಡೆಯವನು ಇವತ್ತಿಗೂ ರಿಪಬ್ಲಿಕನ್ನೇ. ಈ ಕಡೆಯವನು ಲಾಯಲಿಸ್ಟೇ. ಯಾರೂ ಪಾಳಯ ಬದಲಿಸಿಲ್ಲ. "ನಮ್ಮವರನ್ನು ಕಾಯುವುದು" ಅಂದರೆ ಮೊದಲು ಬಂದೂಕು, ಈಗ ಆಚೆಯವನಿಗೊಂದು ಫೋನ್. ಸಂಪರ್ಕದಿಂದ ಗುರುತು ಅಳಿಸಿಹೋಗುತ್ತದೆ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಬದಲಾಗಿದ್ದು ಆ ಗುರುತು ಅವನಿಂದ ಮಾಡಿಸುವ ಕೆಲಸ.

ಇನ್ನೊಂದು ನೋಡಿ. ಪ್ರವಾಸಿಗರಿಗೆ ಫಾಲ್ಸ್ ರೋಡಿನಲ್ಲಿ ಮಾಜಿ ರಿಪಬ್ಲಿಕನ್ ಕೈದಿ ತನ್ನ ಕಡೆಯ ಕಥೆ ಹೇಳುತ್ತಾನೆ. ಗೋಡೆ ಹತ್ತಿರ ಗುಂಪನ್ನು ಮಾಜಿ ಲಾಯಲಿಸ್ಟ್ ಕೈದಿಗೆ ಒಪ್ಪಿಸುತ್ತಾನೆ. ಶಾಂಕಿಲ್ ರೋಡಿನಲ್ಲಿ ಅದೇ ಯುದ್ಧ, ಪೂರ್ತಿ ಬೇರೆ ಕಥೆ. ಇಬ್ಬರೂ ಒಬ್ಬರನ್ನೊಬ್ಬರು ಒಪ್ಪಿಲ್ಲ, ಆದರೆ ಡ್ಯೂಟಿ ಹಂಚಿಕೊಂಡಿದ್ದಾರೆ!

ಟೈಮ್ ಆಯ್ತು, ಉಳಿದದ್ದು ಒಟ್ಟಿಗೇ. ಹಳೇ ಬಂದೂಕುಧಾರಿಗಳೇ ಮತ್ತೆ ಏರಿಯಾ ಯಜಮಾನರಾದರು ಅನ್ನುವ ಟೀಕೆ ಇದೆ. ಸತ್ತವರ ಮನೆಯವರಲ್ಲಿ ಅನೇಕರಿಗೆ ಮಾಜಿ ಕೈದಿಗಳಿಗೆ ಸಿಗುವ ಈ ಗೌರವ ನುಂಗಲಾಗದ ತುತ್ತು, ಅವರ ಸಿಟ್ಟು ನ್ಯಾಯವೇ. ಇತ್ತ ಹಳೇ ಶಿಕ್ಷೆಯ ದಾಖಲೆಯಿಂದ ಮಾಜಿ ಕೈದಿಗಳಿಗೆ ಉದ್ಯೋಗ, ಇನ್ಶೂರೆನ್ಸ್ ಸಿಗುವುದು ಕಷ್ಟ. ಗೋಡೆಗಳನ್ನು 2023ರೊಳಗೆ ತೆಗೆಯುತ್ತೇವೆ ಅಂತ ಅಲ್ಲಿನ ಸರ್ಕಾರ 2013ರಲ್ಲಿ ಹೇಳಿತ್ತು. ಬಹಳಷ್ಟು ಇನ್ನೂ ನಿಂತಿವೆ. ಪಕ್ಕದಲ್ಲೇ ವಾಸ ಮಾಡುವ ಎಷ್ಟೋ ಜನ "ಸದ್ಯಕ್ಕೆ ಇರಲಿ ಬಿಡಿ" ಅನ್ನುತ್ತಾರೆ.