ಕನ್ಸೋಲ್‌ಗಳನ್ನು ಕೊನೆಯ ಹನಿವರೆಗೂ ಹಿಂಡಿದ ಗೇಮ್‌ಗಳು

ಎಲ್ಲರಿಗೂ ನಮಸ್ಕಾರ. ಯಾವ ಗೇಮ್ ತನ್ನ ಕನ್ಸೋಲ್‌ನ ಗ್ರಾಫಿಕ್ಸ್ ಶಕ್ತಿಯನ್ನು ಎಲ್ಲಕ್ಕಿಂತ ಜಾಸ್ತಿ ಹಿಂಡಿತು? ಹೀಗೆ ಕೇಳಿದರೆ ಸಾಮಾನ್ಯವಾಗಿ ಎಲ್ಲರೂ ಆ ಕನ್ಸೋಲ್‌ನಲ್ಲಿ ತುಂಬಾ ಚೆನ್ನಾಗಿ ಕಾಣುವ ಗೇಮ್‌ನ ಹೆಸರು ಹೇಳುತ್ತಾರೆ. ನನಗೆ ಆ ಉತ್ತರ ಸಾಲದು. ಒಳ್ಳೆಯ ಚಿತ್ರಕಾರರು ಇದ್ದರೆ ಗೇಮ್ ಚೆನ್ನಾಗಿ ಕಾಣುತ್ತದೆ, ಒಳಗೆ ಯಂತ್ರ ಆರಾಮಾಗಿ ಓಡುತ್ತಿರಬಹುದು. ನಾನು ನೋಡುವುದು ಬೇರೆ. ಪ್ರತಿ ಕನ್ಸೋಲ್‌ನಲ್ಲೂ ಒಂದು ಇಕ್ಕಟ್ಟಿನ ಜಾಗ ಇರುತ್ತದೆ. ಒಂದರಲ್ಲಿ ಮೆಮೊರಿ ಕಮ್ಮಿ, ಇನ್ನೊಂದರಲ್ಲಿ ಟೆಕ್ಸ್‌ಚರ್‌ಗೆ, ಅಂದರೆ ವಸ್ತುಗಳ ಮೈಗೆ ಅಂಟಿಸುವ ಚಿತ್ರಕ್ಕೆ, ಜಾಗವೇ ಇಲ್ಲ, ಮತ್ತೊಂದರಲ್ಲಿ ಯಾವ ವಸ್ತು ಮುಂದಿದೆ ಯಾವುದು ಹಿಂದಿದೆ ಅಂತ ಯಂತ್ರಕ್ಕೇ ಗೊತ್ತಾಗುವುದಿಲ್ಲ. ಆ ಇಕ್ಕಟ್ಟಿಗೆ ಬಂದು ನಿಂತಾಗ ಗೇಮ್ ಮಾಡಿದವರು ಏನು ಮಾಡಿದರು? ಅದಕ್ಕೆ ಏನು ಬೆಲೆ ಕೊಟ್ಟರು? ನನ್ನ ಅಳತೆಗೋಲು ಇದು.

ಈಗ ಸ್ಕ್ರೀನ್ ಮೇಲೆ ಓಡುತ್ತಿರುವುದು ಕ್ರ್ಯಾಶ್ ಬ್ಯಾಂಡಿಕೂಟ್. 1996, ಮೊದಲ ಪ್ಲೇಸ್ಟೇಷನ್. ಅದರ ಪ್ರೊಸೆಸರ್ ಸುಮಾರು 33 ಮೆಗಾಹರ್ಟ್ಸ್, ಮೆಮೊರಿ 2 ಎಂಬಿ, ಚಿತ್ರಕ್ಕೆ ಬೇರೆ 1 ಎಂಬಿ. ಆದರೆ ನಿಜವಾದ ಇಕ್ಕಟ್ಟು ಈ ಸಂಖ್ಯೆಗಳಲ್ಲಿ ಇಲ್ಲ. ಈ ಯಂತ್ರದಲ್ಲಿ ಝಡ್-ಬಫರ್ ಇಲ್ಲ. ಅಂದರೆ ಪರದೆಯ ಒಂದೊಂದು ಚುಕ್ಕೆಯಲ್ಲೂ ಹತ್ತಿರ ಇರುವುದು ಯಾವುದು, ದೂರ ಇರುವುದು ಯಾವುದು ಅಂತ ಲೆಕ್ಕ ಇಡುವ ವ್ಯವಸ್ಥೆಯೇ ಇಲ್ಲ. ದೂರದ್ದನ್ನು ಮೊದಲು ಬಿಡಿಸಬೇಕು, ಹತ್ತಿರದ್ದನ್ನು ಅದರ ಮೇಲೆ ಬಿಡಿಸುತ್ತಾ ಬರಬೇಕು, ಹಾಗಾಗಿ ಪ್ರತಿ ಫ್ರೇಮ್‌ಗೂ, ಅಂದರೆ ಪರದೆಗೆ ಬರುವ ಒಂದೊಂದು ಚಿತ್ರಕ್ಕೂ, ವಸ್ತುಗಳನ್ನು ಕಟ್ಟುವ ಸಣ್ಣ ಚಪ್ಪಟೆ ತುಂಡುಗಳಾದ ಪಾಲಿಗಾನ್‌ಗಳನ್ನೆಲ್ಲ ಸಾಲಾಗಿ ಜೋಡಿಸುವ ಕೆಲಸ ಪ್ರೊಸೆಸರ್ ತಲೆ ಮೇಲೆ ಬೀಳುತ್ತದೆ.

ನಾಟಿ ಡಾಗ್ ತಂಡ ಇಲ್ಲಿ ಮಾಡಿದ್ದು ನನಗೆ ಈಗಲೂ ಮೈ ಜುಮ್ಮೆನ್ನಿಸುತ್ತದೆ. ಕ್ರ್ಯಾಶ್‌ನಲ್ಲಿ ಕ್ಯಾಮೆರಾ ನಿಮ್ಮ ಕೈಯಲ್ಲಿ ಇಲ್ಲ, ಅದು ಒಂದು ದಾರಿ ಹಿಡಿದು ಸಾಗುತ್ತದೆ, ಅಲ್ವಾ? ಕ್ಯಾಮೆರಾ ಎಲ್ಲಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ, ಅಲ್ಲಿಂದ ಯಾವ ಪಾಲಿಗಾನ್ ಕಾಣುತ್ತದೆ, ಯಾವುದು ಮರೆಯಾಗುತ್ತದೆ, ಯಾವುದನ್ನು ಮೊದಲು ಬಿಡಿಸಬೇಕು ಅನ್ನುವುದನ್ನೂ ಮೊದಲೇ ಲೆಕ್ಕ ಹಾಕಿ ಇಡಬಹುದು. ಅವರು ಆ ಲೆಕ್ಕವನ್ನೆಲ್ಲ ಆಗಿನ ದುಬಾರಿ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರ್‌ಗಳಲ್ಲಿ ಮಾಡಿ ಮುಗಿಸಿ, ಉತ್ತರವನ್ನು ಮಾತ್ರ ಡಿಸ್ಕ್‌ಗೆ ಬರೆದರು. ನಿಮ್ಮ ಮನೆಯ ಪ್ಲೇಸ್ಟೇಷನ್ ಅದನ್ನು ಓದಿ ಬಿಡಿಸಿದರೆ ಸಾಕು. ಮರೆಯಲ್ಲಿರುವ ಒಂದು ಎಲೆಗೂ ಸಮಯ ಹಾಳಾಗುವುದಿಲ್ಲ. ಕಾಡು ಅಷ್ಟು ದಟ್ಟವಾಗಿ ಕಾಣುವುದು ಇದರಿಂದಲೇ.

ಈಗ ಕ್ರ್ಯಾಶ್‌ನ ಮೈ ನೋಡಿ. ಬಹುಪಾಲು ಟೆಕ್ಸ್‌ಚರ್ ಇಲ್ಲ, ಬರೀ ಬಣ್ಣ ತುಂಬಿದ ಪಾಲಿಗಾನ್‌ಗಳು. ಸುಮಾರು 500. ಪ್ಲೇಸ್ಟೇಷನ್‌ನಲ್ಲಿ ಟೆಕ್ಸ್‌ಚರ್‌ಗಳು ಹತ್ತಿರ ಬಂದ ಹಾಗೆ ಬಾಗಿ ತಿರುಚಿಕೊಳ್ಳುತ್ತವೆ, ಯಾಕೆಂದರೆ ದೂರಕ್ಕೆ ತಕ್ಕ ಹಾಗೆ ಅವನ್ನು ಸರಿಪಡಿಸುವ ಲೆಕ್ಕ ಆ ಯಂತ್ರ ಮಾಡುವುದಿಲ್ಲ. ಟೆಕ್ಸ್‌ಚರ್ ಇಲ್ಲದಿದ್ದರೆ ತಿರುಚುವ ಪ್ರಶ್ನೆಯೇ ಇಲ್ಲ. ಬಿಡಿಸುವುದೂ ಬೇಗ. ಹಾಗೆ ಉಳಿದ ಸಮಯವನ್ನು ಅವರು ಮುಖಕ್ಕೆ ಹಾಕಿದರು. ಆಗಿನ ಎಷ್ಟೋ ಗೇಮ್‌ಗಳಲ್ಲಿ ಪಾತ್ರಗಳ ಕೈಕಾಲು ಬೇರೆ ಬೇರೆ ತುಂಡು ಜೋಡಿಸಿದ ಹಾಗೆ ಇರುತ್ತಿತ್ತು. ಇಲ್ಲಿ ಮೂಳೆಗಳ ಲೆಕ್ಕವನ್ನೇ ಬಿಟ್ಟು, ಪ್ರತಿ ಚಲನೆಯಲ್ಲೂ ಮೈಯ ಪ್ರತಿ ಬಿಂದು ಎಲ್ಲಿರಬೇಕು ಅಂತ ದಾಖಲಿಸಿ, ಕುಗ್ಗಿಸಿ ಡಿಸ್ಕ್‌ನಲ್ಲಿ ಇಟ್ಟರು. ಅದಕ್ಕೇ ಕ್ರ್ಯಾಶ್ ಹುಬ್ಬು ಹಾರಿಸುತ್ತಾನೆ, ಬಾಯಿ ಅಗಲಿಸಿ ನಗುತ್ತಾನೆ, ರಬ್ಬರ್ ಥರ ಹಿಗ್ಗುತ್ತಾನೆ. ಇಷ್ಟೆಲ್ಲ 2 ಎಂಬಿಗೆ ಹಿಡಿಸುವುದಿಲ್ಲ, ಹಾಗಾಗಿ ನೀವು ಓಡುತ್ತಿರುವಾಗಲೇ ಮುಂದಿನ ಭಾಗವನ್ನು ಸೀಡಿಯಿಂದ ತುಂಡು ತುಂಡಾಗಿ ಎಳೆದುಕೊಳ್ಳುತ್ತಾ ಇರುತ್ತದೆ. ಬೆಲೆ ಏನು? ಸ್ವಾತಂತ್ರ್ಯ. ನಿಮಗೆ ಬೇಕಾದ ಕಡೆ ತಿರುಗಿ ನೋಡುವ ಹಾಗಿಲ್ಲ. ನನಗೆ ಅದು ನ್ಯಾಯವಾದ ಬೆಲೆ ಅನ್ನಿಸುತ್ತದೆ.

ಇದೇ ಯಂತ್ರದಲ್ಲಿ ಸೈಲೆಂಟ್ ಹಿಲ್, 1999, ಬೇರೆ ದಾರಿ ಹಿಡಿಯಿತು. ದೂರದ ಬೀದಿಗಳನ್ನು ಬಿಡಿಸಲು ಆಗುವುದಿಲ್ಲವೇ? ಹಾಗಾದರೆ ಊರಿಗೆಲ್ಲ ಮಂಜು ಕವಿಸು. ಆ ಮಂಜೇ ಆ ಗೇಮ್‌ನ ಭಯ ಆಗಿಬಿಟ್ಟಿತು.

ನಿಂಟೆಂಡೋ 64ಕ್ಕೆ ಬನ್ನಿ. ಪ್ಲೇಸ್ಟೇಷನ್‌ನಲ್ಲಿ ಇಲ್ಲದ ಝಡ್-ಬಫರ್ ಇಲ್ಲಿದೆ, ಟೆಕ್ಸ್‌ಚರ್ ತಿರುಚುವುದಿಲ್ಲ. ಆದರೆ ಇದರ ಟೆಕ್ಸ್‌ಚರ್ ಮೆಮೊರಿ ಎಷ್ಟು ಗೊತ್ತಾ? 4 ಕೆಬಿ. ಒಂದು ಸಲಕ್ಕೆ ಬಳಸುವ ಟೆಕ್ಸ್‌ಚರ್ ಅಷ್ಟರೊಳಗೇ ಕೂರಬೇಕು. ಆ ಕಾಲದ ಎನ್64 ಗೇಮ್‌ಗಳಲ್ಲಿ ಗೋಡೆ, ಹುಲ್ಲು ಎಲ್ಲ ಮಸುಕಾಗಿ ಬಳಿದ ಹಾಗೆ ಕಾಣುವುದಕ್ಕೆ ಇದು ದೊಡ್ಡ ಕಾರಣ. ಚಿಕ್ಕ ಚಿತ್ರವನ್ನು ದೊಡ್ಡ ಗೋಡೆಗೆ ಹಿಗ್ಗಿಸಿ, ಮೇಲೆ ಫಿಲ್ಟರ್ ಹಾಕಿದರೆ ಇನ್ನೇನಾಗುತ್ತದೆ? ಕೆಲವರು ದೊಡ್ಡ ಚಿತ್ರವನ್ನು ಸಣ್ಣ ಚೌಕಗಳಾಗಿ ಕತ್ತರಿಸಿ ನೆಲಕ್ಕೂ ಗೋಡೆಗೂ ಪಕ್ಕಪಕ್ಕದಲ್ಲಿ ಅಂಟಿಸಿದರು. ರೇರ್ ಸಂಸ್ಥೆಯವರು ಇದರಲ್ಲಿ ಪಳಗಿದ್ದರು. ಅವರ ಕಾಂಕರ್ಸ್ ಬ್ಯಾಡ್ ಫರ್ ಡೇ, 2001, ಈ ಕನ್ಸೋಲ್‌ನ ಕೊನೆಗಾಲದ್ದು. ಪಾತ್ರಗಳ ತುಟಿ ಮಾತಿನ ಜೊತೆ ಆಡುತ್ತದೆ, ಕಥೆಯುದ್ದಕ್ಕೂ ದನಿ ಇದೆ. ಎಲ್ಲ 64 ಎಂಬಿ ಕಾರ್ಟ್ರಿಜ್‌ನಲ್ಲಿ. ಅದಕ್ಕೆ ಎಕ್ಸ್‌ಪ್ಯಾನ್ಷನ್ ಪ್ಯಾಕ್ ಕೂಡ ಬೇಕಿಲ್ಲ. ಮೆಮೊರಿಯನ್ನು 4ರಿಂದ 8 ಎಂಬಿಗೆ ಏರಿಸುವ ಆ ಚಿಕ್ಕ ಪೆಟ್ಟಿಗೆ ಇಲ್ಲದೆ 2000ರ ಮಜೋರಾಸ್ ಮಾಸ್ಕ್ ಓಡುವುದೇ ಇಲ್ಲ. ಹಾಗಾಗಿ ಕಾಂಕರ್ ಬಗ್ಗೆ ನನಗೆ ಗೌರವ ಜಾಸ್ತಿ.

ಆದರೂ ಎನ್64ನಲ್ಲಿ ನನ್ನ ಓಟು ಫ್ಯಾಕ್ಟರ್ 5 ತಂಡಕ್ಕೆ. ಈ ಕನ್ಸೋಲ್‌ನ ಗ್ರಾಫಿಕ್ಸ್ ಚಿಪ್ ಹೇಗೆ ಕೆಲಸ ಮಾಡಬೇಕು ಅಂತ ಹೇಳುವ ಮೈಕ್ರೋಕೋಡ್ ಒಂದಿರುತ್ತದೆ. ಹೆಚ್ಚಿನವರು ನಿಂಟೆಂಡೋ ಕೊಟ್ಟದ್ದನ್ನೇ ಬಳಸಿದರು. ಇವರು ತಮ್ಮದೇ ಬರೆದುಕೊಂಡರು, ಅಂದರೆ ಗೇಮ್ ಬರೆಯುವುದಕ್ಕೆ ಮೊದಲು ಚಿಪ್‌ನ ನಡವಳಿಕೆಯನ್ನೇ ಬದಲಾಯಿಸಿದರು. 2000ದಲ್ಲಿ ಬಂದ ಅವರ ಇಂಡಿಯಾನಾ ಜೋನ್ಸ್ ಮತ್ತು ಬ್ಯಾಟಲ್ ಫಾರ್ ನಬೂ ನೋಡಿದರೆ, ಬೇರೆ ಗೇಮ್‌ಗಳು ಮಂಜಿನಲ್ಲಿ ಮುಚ್ಚಿಡುತ್ತಿದ್ದ ದೂರದ ನೆಲ ಇಲ್ಲಿ ತೆರೆದುಕೊಂಡಿರುತ್ತದೆ. ಇನ್ನೊಂದು ಹೆಸರು ಹೇಳಲೇಬೇಕು, 1999ರ ರೆಸಿಡೆಂಟ್ ಈವಿಲ್ 2. ಪ್ಲೇಸ್ಟೇಷನ್‌ನಲ್ಲಿ 2 ಸೀಡಿ ತುಂಬಾ ಇದ್ದ ಆಟವನ್ನು, ವಿಡಿಯೋಗಳ ಸಮೇತ, ಏಂಜಲ್ ಸ್ಟುಡಿಯೋಸ್ ತಂಡ ಒಂದೇ 64 ಎಂಬಿ ಕಾರ್ಟ್ರಿಜ್‌ಗೆ ಇಳಿಸಿತು. ವಿಡಿಯೋ ಮಸುಕಾಗಿದೆ, ನಿಜ. ಆದರೆ ಇದೆ!

ಇಲ್ಲಿ ಒಂದು ಜಗಳ ಬಗೆಹರಿಸಿ ಮುಂದೆ ಹೋಗೋಣ. ಸೂಪರ್ ನಿಂಟೆಂಡೋ ಮಾತು ಬಂದರೆ ಎಲ್ಲರೂ 1993ರ ಸ್ಟಾರ್ ಫಾಕ್ಸ್ ಅನ್ನುತ್ತಾರೆ. ಅದ್ಭುತ ಗೇಮ್, ಎರಡು ಮಾತಿಲ್ಲ. ಆದರೆ ಅದರ 3ಡಿ ಲೆಕ್ಕ ಮಾಡುವುದು ಕಾರ್ಟ್ರಿಜ್ ಒಳಗಿನ ಸೂಪರ್ ಎಫ್‌ಎಕ್ಸ್ ಚಿಪ್. ಮೆಗಾ ಡ್ರೈವ್‌ನ ವರ್ಚುವಾ ರೇಸಿಂಗ್, 1994, ಅದೂ ಹಾಗೇ, ಒಳಗೆ ತನ್ನದೇ ಚಿಪ್ ಇಟ್ಟುಕೊಂಡು ಬಂತು. ಹೊರಗಿನಿಂದ ಬಲ ತಂದ ಮೇಲೆ ಕನ್ಸೋಲ್ ಅನ್ನು ಹಿಂಡಿತು ಅನ್ನುವುದು ನನ್ನ ಲೆಕ್ಕದಲ್ಲಿ ಸರಿಯಲ್ಲ. ಡಾಂಕಿ ಕಾಂಗ್ ಕಂಟ್ರಿ, 1994, ಇನ್ನೂ ಸೂಕ್ಷ್ಮ. ಅದರಲ್ಲಿ ಅಂಥ ಚಿಪ್ ಇಲ್ಲ. ದೊಡ್ಡ ಕಂಪ್ಯೂಟರ್‌ಗಳಲ್ಲಿ 3ಡಿ ಮಾದರಿ ಮಾಡಿ, ಅದರ ಚಿತ್ರ ತೆಗೆದು, ಸ್ಪ್ರೈಟ್ ಆಗಿ, ಅಂದರೆ ಪರದೆ ಮೇಲೆ ಓಡಾಡುವ ಚಪ್ಪಟೆ ಚಿತ್ರವಾಗಿ, ಬಳಸಿದರು. ದುಡಿದದ್ದು ಆ ದೊಡ್ಡ ಕಂಪ್ಯೂಟರ್ ಅಲ್ವಾ ಅಂತ ಕೇಳಬಹುದು. ಆದರೆ ಆ ಚಿತ್ರಗಳನ್ನು ಪ್ರತಿ ಸ್ಪ್ರೈಟ್‌ಗೆ 15 ಬಣ್ಣಗಳ ಮಿತಿಯೊಳಗೆ, ಕಾರ್ಟ್ರಿಜ್‌ನ ಜಾಗದೊಳಗೆ, ನೆರಳು ಬೆಳಕು ಉಳಿಯುವ ಹಾಗೆ ತರುವುದು ಈ ಯಂತ್ರದ ಮೇಲೇ ಮಾಡಿದ ಕೆಲಸ. ಅದಕ್ಕೆ ನಾನು ಡಾಂಕಿ ಕಾಂಗ್ ಅನ್ನು ಒಪ್ಪುತ್ತೇನೆ, ಸ್ಟಾರ್ ಫಾಕ್ಸ್ ಅನ್ನು ಬೇರೆ ಪಟ್ಟಿಗೆ ಹಾಕುತ್ತೇನೆ. ಕ್ರ್ಯಾಶ್‌ನ ಲೆಕ್ಕವೂ ಮೊದಲೇ ಹೊರಗೆ ಆದದ್ದೇ, ಆದರೆ ಆಡುವಾಗ ಬಿಡಿಸಿದ್ದು ಮಾತ್ರ ಪ್ಲೇಸ್ಟೇಷನ್.

ಈಗ ನನಗೆ ತುಂಬಾ ಇಷ್ಟದ ಭಾಗ. ಪ್ಲೇಸ್ಟೇಷನ್ 2.

ಈ ಯಂತ್ರ ಒಂದು ವಿಚಿತ್ರ. ಚಿತ್ರ ಬಿಡಿಸುವ ಚಿಪ್‌ನ ಒಳಗೇ 4 ಎಂಬಿ ಮೆಮೊರಿ ಇದೆ, ಅದರ ವೇಗ ಸೆಕೆಂಡಿಗೆ 48 ಜಿಬಿ, 2000ದಲ್ಲಿ! ಆದರೆ ಇರುವುದು 4 ಎಂಬಿ ಮಾತ್ರ. 640 ಗುಣಿಸು 448 ಅಳತೆಯ ಒಂದು ಪೂರ್ತಿ ಬಣ್ಣದ ಫ್ರೇಮ್‌ಗೆ 1 ಎಂಬಿಗಿಂತ ಸ್ವಲ್ಪ ಜಾಸ್ತಿ ಬೇಕು. ಅಂಥ ಎರಡು ಫ್ರೇಮ್, ಜೊತೆಗೆ ಅಷ್ಟೇ ದೊಡ್ಡ ಝಡ್-ಬಫರ್ ಇಟ್ಟರೆ ಟೆಕ್ಸ್‌ಚರ್‌ಗೆ ಉಳಿಯುವುದು ಹೆಚ್ಚುಕಡಿಮೆ ಮುಕ್ಕಾಲು ಎಂಬಿ. ಹಾಗಾಗಿ ಪ್ರತಿ ಫ್ರೇಮ್ ಬಿಡಿಸುವಾಗಲೂ ಮುಖ್ಯ ಮೆಮೊರಿಯಿಂದ ಟೆಕ್ಸ್‌ಚರ್ ತರಬೇಕು, ಬಿಡಿಸಬೇಕು, ಬಿಸಾಡಬೇಕು, ಇನ್ನೊಂದು ತರಬೇಕು. ಆ 4 ಎಂಬಿ ಇಕ್ಕಟ್ಟು, ಆ ವೇಗ ವರ. ಒಂದೇ ಜಾಗದ ಮೇಲೆ ಮತ್ತೆ ಮತ್ತೆ ಬಣ್ಣ ಬಳಿಯುವುದರಲ್ಲಿ ಆಗಿನ ಮನೆಯ ಯಂತ್ರಗಳಲ್ಲಿ ಇದಕ್ಕೆ ಸಾಟಿ ಇರಲಿಲ್ಲ.

ಶ್ಯಾಡೋ ಆಫ್ ದಿ ಕೊಲಾಸಸ್, 2005, ಈ ಇಕ್ಕಟ್ಟನ್ನೂ ವರವನ್ನೂ ಒಟ್ಟಿಗೆ ಹಿಡಿದುಕೊಂಡಿತು. ಫುಮಿಟೊ ಉಎಡಾ ನಿರ್ದೇಶನದ ಟೀಮ್ ಇಕೋ ಮಾಡಿದ್ದು. 16 ದೈತ್ಯರು, ಅಷ್ಟೇ. ಅವರ ಮೈಮೇಲಿನ ತುಪ್ಪಳ ನೋಡಿ. ಅದು ಒಂದರ ಮೇಲೊಂದು ಬಿಡಿಸಿದ ತೆಳು ಪದರಗಳು, ಹೊರಗೆ ಬಂದ ಹಾಗೆ ಕೂದಲು ವಿರಳ. ಇಂಥ ಪದರ ಬಿಡಿಸುವುದೇ ಪಿಎಸ್2ಗೆ ಸಲೀಸು. ಗುಹೆಯಿಂದ ಹೊರಗೆ ಬಂದಾಗ ಕಣ್ಣು ಕೋರೈಸಿ ನಿಧಾನಕ್ಕೆ ಹೊಂದಿಕೊಳ್ಳುತ್ತದಲ್ಲ, ಅಂಥ ಬೆಳಕಿನ ಲೆಕ್ಕ ಮಾಡುವ ಹಾರ್ಡ್‌ವೇರ್ ಪಿಎಸ್2ನಲ್ಲಿ ಇಲ್ಲವೇ ಇಲ್ಲ. ಇದೂ ಪರದೆ ಮೇಲೆ ಮತ್ತೆ ಮತ್ತೆ ಬಳಿದು ತಂದ ಪರಿಣಾಮ. ಎಲ್ಲಕ್ಕಿಂತ ಮಿಗಿಲು, ನೀವು ಹತ್ತುತ್ತಿರುವ ಆ ದೈತ್ಯನೇ ನೆಲ. ಅವನು ಮೈ ಕೊಡವಿದರೆ ನೆಲವೇ ಅಲ್ಲಾಡುತ್ತದೆ, ನೀವು ಹಿಡಿದ ತುಪ್ಪಳ ನಿಮ್ಮ ಜೊತೆ ತೂಗುತ್ತದೆ, ಕೆಳಗೆ ಕಣಿವೆ ಪೂರ್ತಿ ಕಾಣುತ್ತಿರುತ್ತದೆ.

ಇದಕ್ಕೆ ಕೊಟ್ಟ ಬೆಲೆ ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ. 30ರಲ್ಲಿ ಓಡಬೇಕಾದ ಗೇಮ್ 20ರ ಆಸುಪಾಸಿಗೆ ಇಳಿಯುವುದು ಮಾಮೂಲು, ಕಾದಾಟದ ಮಧ್ಯೆ ಇನ್ನೂ ಕೆಳಗೆ. ಅದಕ್ಕೇ ಕೆಲವರು ಇದನ್ನು ಒಪ್ಪುವುದಿಲ್ಲ. ಅವರ ಪಟ್ಟಿಯಲ್ಲಿ ಇರುವುದು ಸೆಕೆಂಡಿಗೆ 60 ಫ್ರೇಮ್ ಗುರಿ ಇಟ್ಟ 2001ರ ಮೆಟಲ್ ಗೇರ್ ಸಾಲಿಡ್ 2, ಇಲ್ಲ 1080ಐ ಅನ್ನುವ ಹೆಚ್ಚು ಸ್ಪಷ್ಟ ಚಿತ್ರದ ಆಯ್ಕೆ ಕೊಟ್ಟ ಗ್ರಾನ್ ಟುರಿಸ್ಮೊ 4. ಪಿಎಸ್3 ಬಂದ ಮೇಲೆ, 2007ರಲ್ಲಿ, ಹಳೆಯ ಯಂತ್ರಕ್ಕೇ ಬಂದ ಗಾಡ್ ಆಫ್ ವಾರ್ 2 ಕೂಡ. ಎಲ್ಲವೂ ಗಟ್ಟಿ ಹೆಸರುಗಳೇ. ಆದರೆ ಆ ಗೇಮ್‌ಗಳು ಯಂತ್ರದ ಮಿತಿಯ ಒಳಗೆ ನಿಂತು ಚೆನ್ನಾಗಿ ದುಡಿಸಿದವು. ಕೊಲಾಸಸ್ ಮಿತಿ ದಾಟಿ ಹೋಯಿತು, ಯಂತ್ರ ಏದುಸಿರು ಬಿಡುವುದು ನಿಮಗೆ ಕಾಣುತ್ತದೆ. ಎಲ್ಲಕ್ಕಿಂತ ಜಾಸ್ತಿ ಹಿಂಡಿದ್ದು ಯಾವುದು ಅಂತ ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಮುಂದಿನ ತಲೆಮಾರು ಬೇಗ ಹೇಳಿಬಿಡುತ್ತೇನೆ. ಎಕ್ಸ್‌ಬಾಕ್ಸ್ 360ಯಲ್ಲಿ 10 ಎಂಬಿ ವಿಶೇಷ ಮೆಮೊರಿ ಇತ್ತು. 2007ರ ಹೇಲೋ 3 ತಂಡಕ್ಕೆ ಬೆಳಕಿನ ವ್ಯಾಪ್ತಿ ಜಾಸ್ತಿ ಬೇಕಿತ್ತು, ಅದಕ್ಕೆ ಫ್ರೇಮ್ ಇಡುವ ಎರಡು ಬಫರ್ ಬೇಕು, ಅವು ಹಿಡಿಸಲಿ ಅಂತ ರೆಸಲ್ಯೂಷನ್ ಅನ್ನು, ಅಂದರೆ ಚಿತ್ರದ ಚುಕ್ಕೆಗಳ ಲೆಕ್ಕವನ್ನು, 1152 ಗುಣಿಸು 640ಕ್ಕೆ ಇಳಿಸಿದರು. ಪಿಎಸ್3ಯಲ್ಲಿ ಮೆಮೊರಿ ಎರಡು ಹೋಳು, 256 ಎಂಬಿ ಈ ಕಡೆ, 256 ಎಂಬಿ ಆ ಕಡೆ. ಗ್ರಾಫಿಕ್ಸ್ ಚಿಪ್ ಸಾಧಾರಣ, ಆದರೆ ಸೆಲ್ ಪ್ರೊಸೆಸರ್‌ನಲ್ಲಿ ಗೇಮ್‌ಗೆ ಸಿಗುವ 6 ಸಣ್ಣ ಕೋರ್‌ಗಳು ಇದ್ದವು. ಅವುಗಳನ್ನು ಪಳಗಿಸಿದವರು ಗೆದ್ದರು. ಗಾಡ್ ಆಫ್ ವಾರ್ 3, 2010, ಅಂಚುಗಳ ಮೆಟ್ಟಿಲು ಮೆಟ್ಟಿಲನ್ನು ನುಣುಪು ಮಾಡುವ ಕೆಲಸವನ್ನೇ ಗ್ರಾಫಿಕ್ಸ್ ಚಿಪ್‌ನಿಂದ ಕಿತ್ತು ಈ ಕೋರ್‌ಗಳಿಗೆ ಕೊಟ್ಟಿತು. 2013ರ ದಿ ಲಾಸ್ಟ್ ಆಫ್ ಅಸ್ ಇದೇ ದಾರಿಯ ತುದಿ.

ಸ್ವಿಚ್‌ನಲ್ಲಿ? 2019ರ ವಿಚರ್ 3 ಅಲ್ಲಿ ಓಡಿದ್ದೇ ಒಂದು ಪವಾಡ ಅನ್ನುತ್ತಾರೆ, ರೆಸಲ್ಯೂಷನ್ ಕೆಳಗೆ ಇಳಿಸಿ ಇಳಿಸಿ ತಂದದ್ದು. ನನ್ನ ಆಯ್ಕೆ 2023ರ ಟಿಯರ್ಸ್ ಆಫ್ ದಿ ಕಿಂಗ್‌ಡಮ್. 2017ರ ಅದೇ ಹಾರ್ಡ್‌ವೇರ್‌ನಲ್ಲಿ ಆಕಾಶದ ದ್ವೀಪದಿಂದ ಹಾರಿ, ನೆಲದ ಬಿರುಕಿನಲ್ಲಿ ಇಳಿದು, ಭೂಮಿಯ ಅಡಿಯ ಕತ್ತಲೆವರೆಗೆ ಲೋಡಿಂಗ್ ಪರದೆ ಇಲ್ಲದೆ ಬೀಳಬಹುದು.

ಆದರೆ ಎಲ್ಲ ಕನ್ಸೋಲ್ ಸೇರಿಸಿ ಒಂದೇ ಗೇಮ್ ಆರಿಸು ಅಂದರೆ ನಾನು 1982ಕ್ಕೆ ಹೋಗುತ್ತೇನೆ. ಅಟಾರಿ 2600, ಗೇಮ್ ಪಿಟ್‌ಫಾಲ್. ಈ ಯಂತ್ರದ ಮೆಮೊರಿ 128 ಬೈಟ್. ಕೆಬಿ ಅಲ್ಲ, ಬೈಟ್! ಪರದೆಯ ಚಿತ್ರವನ್ನು ಇಟ್ಟುಕೊಳ್ಳುವ ಜಾಗವೇ ಇಲ್ಲ. ಟಿವಿಯ ಕಿರಣ ಒಂದೊಂದು ಸಾಲು ಬಿಡಿಸುತ್ತಾ ಇಳಿಯುವಾಗ, ಆ ಸಾಲಿನಲ್ಲಿ ಏನಿರಬೇಕು ಅಂತ ಪ್ರೋಗ್ರಾಂ ಆಗಿಂದಾಗಲೇ ಹೇಳುತ್ತಾ ಹೋಗಬೇಕು, ಪ್ರತಿ ಸಾಲಿಗೆ ಸಿಗುವುದು ಪ್ರೊಸೆಸರ್‌ನ 76 ಸೈಕಲ್. ತಡವಾದರೆ ಚಿತ್ರವೇ ಒಡೆಯುತ್ತದೆ. ಈ ಯಂತ್ರವನ್ನು ಮಾಡಿದ್ದೇ ಎರಡು ಬ್ಯಾಟು, ಒಂದು ಚೆಂಡು, ಒಂದಿಷ್ಟು ಗುಂಡುಗಳ ಆಟಕ್ಕೆ. ಡೇವಿಡ್ ಕ್ರೇನ್ ಅದರಲ್ಲಿ ಓಡುವ ಮನುಷ್ಯ, ತೂಗುವ ಬಳ್ಳಿ, ಬಾಯಿ ತೆರೆಯುವ ಮೊಸಳೆ, ನೆಲದಡಿಯ ಸುರಂಗ ಎಲ್ಲ ತಂದರು. 255 ಪರದೆಗಳ ಕಾಡು, ಪೂರ್ತಿ ಗೇಮ್ 4 ಕೆಬಿ. ಎನ್64ನಲ್ಲಿ ಒಂದು ಸಲದ ಟೆಕ್ಸ್‌ಚರ್‌ಗೆ ಸಿಗುತ್ತಿತ್ತು ಅಂದೆನಲ್ಲ, ಅಷ್ಟೇ ಜಾಗ. ಆ 255 ಪರದೆಗಳನ್ನು ಎಲ್ಲಿಯೂ ಬರೆದಿಟ್ಟಿಲ್ಲ. ಒಂದು ಬೈಟ್ ಇದೆ. ನೀವು ಬಲಕ್ಕೆ ಹೋದರೆ ಅದರ ಬಿಟ್‌ಗಳು ಒಂದು ನಿಯಮದಂತೆ ಸರಿದು ಹೊಸ ಸಂಖ್ಯೆ ಬರುತ್ತದೆ, ಆ ಸಂಖ್ಯೆಯ ಬಿಟ್‌ಗಳೇ ಮರ ಹೇಗಿರಬೇಕು, ಹಳ್ಳ ಯಾವುದು, ಮೊಸಳೆ ಇದೆಯೇ ಅಂತ ನಿರ್ಧರಿಸುತ್ತವೆ. ಎಡಕ್ಕೆ ಹೋದರೆ ಅದೇ ನಿಯಮ ಹಿಂದಕ್ಕೆ ಓಡುತ್ತದೆ, ಹಾಗಾಗಿ ನೀವು ಬಿಟ್ಟುಹೋದ ಪರದೆ ಇದ್ದ ಹಾಗೇ ಮರಳಿ ಸಿಗುತ್ತದೆ. ಕಾರ್ಟ್ರಿಜ್‌ನಲ್ಲಿ ಹೆಚ್ಚಿನ ಚಿಪ್ ಇಲ್ಲ, ಹೊರಗಿನ ದೊಡ್ಡ ಕಂಪ್ಯೂಟರ್ ಮೊದಲೇ ಮಾಡಿಟ್ಟ ಲೆಕ್ಕ ಇಲ್ಲ, ಫ್ರೇಮ್ ರೇಟ್ ಇಳಿಸಿ ಬಚಾವಾಗುವ ಅವಕಾಶವೂ ಇಲ್ಲ, ಯಾಕೆಂದರೆ ಟಿವಿಯ ಕಿರಣ ಯಾರಿಗೂ ಕಾಯುವುದಿಲ್ಲ.