ಪೋಡು ದೂರವಾದದ್ದು ಯಾವಾಗ?

ಎಲ್ಲರಿಗೂ ನಮಸ್ಕಾರ. ಬಿಳಿಗಿರಿರಂಗನ ಬೆಟ್ಟಕ್ಕೆ ನಿಮ್ಮಲ್ಲಿ ಅನೇಕರು ಹೋಗಿ ಬಂದಿರುತ್ತೀರಿ. ಯಳಂದೂರಿನ ಕಡೆಯಿಂದ ಘಾಟಿ ಹತ್ತಿ, ರಂಗನಾಥನ ದರ್ಶನ ಮುಗಿಸಿ, ಬಂಡೆಯ ಅಂಚಿನಲ್ಲಿ ಒಂದಷ್ಟು ಫೋಟೊ ತೆಗೆದುಕೊಂಡು ಹೊತ್ತು ಮುಳುಗುವ ಮೊದಲೇ ಇಳಿದುಬಿಡುತ್ತೀರಿ. ಇಳಿಯಲೇಬೇಕು, ಕತ್ತಲಾದರೆ ಅರಣ್ಯ ಇಲಾಖೆಯ ಗೇಟು ಮುಚ್ಚುತ್ತದೆ. ಆ ಗೇಟಿನ ಒಳಗೇ ಉಳಿಯುವ, ಬೆಟ್ಟದ ಗಿರಿಜನರಾದ ಸೋಲಿಗರ ಪೋಡುಗಳ ಬಗ್ಗೆ ಇವತ್ತು ಮಾತನಾಡುತ್ತೇನೆ.

ಸೋಲಿಗರ ಹಟ್ಟಿಗೆ ಪೋಡು ಎಂದು ಹೆಸರು. 2011ರ ಜನಗಣತಿಯಂತೆ ರಾಜ್ಯದಲ್ಲಿ ಸೋಲಿಗರ ಸಂಖ್ಯೆ ಸುಮಾರು 34 ಸಾವಿರ; ಹೆಚ್ಚಿನವರು ಇರುವುದು ಚಾಮರಾಜನಗರ ಜಿಲ್ಲೆಯಲ್ಲಿ. ಬೆಟ್ಟದ ಸಾಲು ತಪ್ಪಲಿನಲ್ಲಿ 600 ಮೀಟರಿನಷ್ಟು ಎತ್ತರದಿಂದ ಶುರುವಾಗಿ ಕತ್ತರಿ ಬೆಟ್ಟದ ನೆತ್ತಿಯಲ್ಲಿ 1800 ಮೀಟರ್ ದಾಟುತ್ತದೆ. ಕೆಳಗೆ ಮುಳ್ಳಿನ ಕುರುಚಲು, ನಡುವೆ ಎಲೆ ಉದುರಿಸುವ ಕಾಡು, ಮೇಲೆ ಶೋಲಾ ಎಂಬ ನಿತ್ಯಹಸಿರಿನ ಕಾಡು ಮತ್ತು ಹುಲ್ಲುಗಾವಲು. ಯರಕನಗದ್ದೆ, ಮುತ್ತುಗದಗದ್ದೆಯಂಥ ಪೋಡುಗಳು ರಸ್ತೆಗೆ ಹತ್ತಿರ. ಪುರಾಣಿ ಪೋಡಿನಂಥವು ಕಾಡಿನ ಒಳಗೆ.

ಇಂಥ ಊರುಗಳನ್ನು ಕುರಿತು ಬರೆಯುವಾಗ ಪತ್ರಿಕೆಗಳು ‘ನಾಗರಿಕತೆಯಿಂದ ದೂರ’ ಎಂಬ ಸಿದ್ಧ ಮಾತನ್ನು ಬಳಸುತ್ತವೆ. ನನ್ನ ತಕರಾರು ಇರುವುದು ಇಲ್ಲಿಯೇ. ಈ ದೂರ ಬೆಟ್ಟ ಮಾಡಿದ್ದಲ್ಲ. ಅದು ಒಂದೊಂದು ಆದೇಶಕ್ಕೆ ಒಂದೊಂದು ಹೆಜ್ಜೆಯಂತೆ, ನಮ್ಮ ಕಾಲದಲ್ಲಿಯೇ ಬೆಳೆದದ್ದು.

ಮೊದಲಿನ ಸ್ಥಿತಿ ನೋಡಿ. ಸೋಲಿಗರು ಕಾಡಿನ ಒಂದು ತುಂಡನ್ನು ಸವರಿ ಸುಟ್ಟು, ರಾಗಿಯ ಜೊತೆಗೆ ಅವರೆ, ಸಾಸಿವೆ, ಜೋಳ ಬೆರೆಸಿ ಬಿತ್ತುತ್ತಿದ್ದರು. ನೆಲ ಸೋತಾಗ ಅದನ್ನು ಕಾಡಿಗೆ ಬಿಟ್ಟು ಬೇರೆಡೆಗೆ ಹೋಗುತ್ತಿದ್ದರು. ಪೋಡೂ ಅವರ ಜೊತೆಗೆ ಸರಿಯುತ್ತಿತ್ತು. ನಾಡಿನವರ ಪರಿಚಯವೂ ಅವರಿಗೆ ಇಲ್ಲದೆ ಇರಲಿಲ್ಲ. ರಂಗನಾಥ ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಎಂಬ ಕಥೆಯ ಪ್ರಕಾರ ದೇವರು ಅವರಿಗೆ ಭಾವ; ‘ರಂಗಭಾವ’ ಎಂದೇ ಕರೆಯುತ್ತಾರೆ. ಇಡೀ ಸೀಮೆ ಹರಕೆ ಹೊತ್ತು ಬರುವ ದೇವರೇ ಮನೆಯ ಅಳಿಯನಾಗಿರುವ ಜನರನ್ನು ಹೊರಗಿನವರೆಂದು ಕರೆಯುವುದು ಹೇಗೆ? ಬ್ರಿಟಿಷರ ಕಾಲದಲ್ಲಿ ಮೋರಿಸ್ ಕುಟುಂಬ ಇದೇ ಬೆಟ್ಟದ ಮೇಲೆ ಕಾಫಿ ತೋಟ ಎಬ್ಬಿಸಿತು. ಅತ್ತಿಖಾನೆ, ಹೊನ್ನಮೇಟಿ ತೋಟಗಳು ಇಂದಿಗೂ ಕಾಡಿನ ನಡುವೆ ಇವೆ, ಅವುಗಳಿಗೆ ವಾಹನದ ದಾರಿಯೂ ಇದೆ. ಕಾಫಿಯ ಮೂಟೆಗೆ ಬೆಟ್ಟ ಎಂದೂ ದುರ್ಗಮ ಎನ್ನಿಸಲಿಲ್ಲ.

1974ರಲ್ಲಿ ಬೆಟ್ಟ ಅಭಯಾರಣ್ಯವಾಯಿತು. ಅಲೆಮಾರಿ ಬೇಸಾಯ ಪೂರ್ತಿ ನಿಂತಿತು, ಬೇಟೆ ನಿಂತಿತು. ಚದುರಿದ್ದವರನ್ನು ಕರೆತಂದು ಸಾಲುಮನೆಗಳಲ್ಲಿ ಕೂರಿಸಿದರು. ಹಾಗೆ ಹುಟ್ಟಿದ ಎಷ್ಟೋ ‘ಪುರಾತನ’ ಹಳ್ಳಿಗಳಿಗೆ ನನ್ನಷ್ಟೂ ವಯಸ್ಸಾಗಿಲ್ಲ.

ಬೇಸಾಯ ಹೋದ ಮೇಲೆ ಕೈಹಿಡಿದದ್ದು ಕಾಡಿನ ಕಿರು ಉತ್ಪನ್ನ: ಜೇನು, ಪಾಚಿ, ಸೀಗೆ, ಅಂಟುವಾಳ, ಎಲ್ಲಕ್ಕಿಂತ ಮಿಗಿಲಾಗಿ ನೆಲ್ಲಿಕಾಯಿ. ತಂದದ್ದನ್ನು ಲ್ಯಾಂಪ್ಸ್ ಎಂಬ ಗಿರಿಜನರ ಸಹಕಾರ ಸಂಘ ಕೊಳ್ಳುತ್ತಿತ್ತು. ಈ ನೆಲ್ಲಿಯ ಬಳಿ ಸ್ವಲ್ಪ ಹೊತ್ತು ನಿಲ್ಲೋಣ.

ನೆಲ್ಲಿಮರಕ್ಕೆ ಬಂದಳಿಕೆಯ ಕಾಟ ಜಾಸ್ತಿ. ಸೋಲಿಗರು ಅದಕ್ಕೆ ಉಪ್ಪಿಲು ಎನ್ನುತ್ತಾರೆ. ಹಕ್ಕಿ ಹಣ್ಣು ತಿಂದು ಅಂಟಂಟಾದ ಬೀಜವನ್ನು ಕೊಂಬೆಗೆ ಮೆತ್ತಿ ಹೋಗುತ್ತದೆ. ಅದು ತೊಗಟೆಯೊಳಗೆ ಬೇರಿಳಿಸುತ್ತದೆ. ದೂರದಿಂದ ನೋಡುವವನಿಗೆ ಮರ ಇನ್ನಷ್ಟು ದಟ್ಟವಾಗಿದೆ ಎನ್ನಿಸೀತು. ಹತ್ತಿರ ಹೋದರೆ ನೆಲ್ಲಿಯ ಸಣ್ಣ ಸಣ್ಣ ಎಲೆಗಳ ನಡುವೆ ಅಗಲವಾದ ದಪ್ಪ ಎಲೆಗಳ ಗೊಂಚಲು. ಅದು ಕೂತ ಜಾಗದಲ್ಲಿ ಕೊಂಬೆ ಗಂಟುಗಟ್ಟಿ ಊದಿರುತ್ತದೆ, ಗಂಟಿನಿಂದಾಚೆ ಒಣಗಿದ ಕಡ್ಡಿ. ಕಾಯಿಗೆಂದು ಮರ ಹತ್ತಿದವರು ಉಪ್ಪಿಲನ್ನೂ ಕಡಿದು ಇಳಿಯುತ್ತಿದ್ದರು. ಅದಕ್ಕೆ ಯಾರೂ ಕೂಲಿ ಕೊಡುತ್ತಿರಲಿಲ್ಲ. ಮುಂದಿನ ವರ್ಷ ಕಾಯಿ ಬೇಕಿದ್ದದ್ದು ಅವರಿಗೇ ತಾನೆ.

ಉಪ್ಪಿಲಿಗೆ ಅವರ ಎರಡನೆಯ ಮದ್ದು ತರಗು ಬೆಂಕಿ. ಜನವರಿ, ಫೆಬ್ರವರಿಯಲ್ಲಿ ಹುಲ್ಲು ಇನ್ನೂ ಪೂರ್ತಿ ಒಣಗಿರುವುದಿಲ್ಲ. ಆಗ ಉದುರಿದೆಲೆಗೆ ಕಿಡಿ ತಾಗಿಸಿದರೆ ಬೆಂಕಿ ನೆಲದ ಮೇಲೇ ಹರಿದುಹೋಗುತ್ತದೆ, ಮರದ ನೆತ್ತಿಗೆ ಏರುವುದಿಲ್ಲ. ಇದರಿಂದ ಹೊರದೇಶದಿಂದ ಬಂದ ಕಳೆಗಿಡ ಲಂಟಾನದ ಎಳೆ ಸಸಿ ಸಾಯುತ್ತದೆ, ಉಪ್ಪಿಲೂ ಹತೋಟಿಯಲ್ಲಿರುತ್ತದೆ ಎಂಬುದು ಸೋಲಿಗರ ಲೆಕ್ಕ. ಅಭಯಾರಣ್ಯ ಬಂದ ಮೇಲೆ ಬೆಂಕಿ ಹಚ್ಚುವುದು ಅಪರಾಧವಾಯಿತು. ಪರಿಸರ ಅಧ್ಯಯನ ಮಾಡುವ ಏಟ್ರೀ ಸಂಸ್ಥೆಯ ಸಂಶೋಧಕರು 1997ರಲ್ಲಿ ನೋಡಿದ್ದ ಕಾಡನ್ನೇ 2008ರಲ್ಲಿ ಮತ್ತೆ ಅಳೆದಾಗ ಲಂಟಾನ ಸುಮಾರು ದುಪ್ಪಟ್ಟು ಹರಡಿತ್ತು. ಬೆಂಕಿ ನಿಲ್ಲಿಸಿದ್ದೊಂದೇ ಕಾರಣ ಎಂದು ನಾನು ಹಟ ಹಿಡಿಯುವುದಿಲ್ಲ. ಕಾಡಿನಲ್ಲಿ ಯಾವುದಕ್ಕೂ ಒಂದೇ ಕಾರಣ ಇರುವುದಿಲ್ಲ. ಆದರೆ ಆಳೆತ್ತರದ ಲಂಟಾನದ ಪೊದೆಗೆ ಏಪ್ರಿಲ್ ಬಿಸಿಲಿನಲ್ಲಿ ಕಿಡಿ ಬಿದ್ದರೆ ಏನಾಗುತ್ತದೆ ಎಂದು ತಿಳಿಯಲು ಸಂಶೋಧನೆಯೇನೂ ಬೇಕಾಗಿಲ್ಲ.

2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿಯಾಯಿತು. ಅದರ ಬಿಸಿ ಬೆಟ್ಟಕ್ಕೆ ತಟ್ಟಿದ್ದು 2006ರಲ್ಲಿ: ಮಾರಾಟಕ್ಕಾಗಿ ಕಾಡಿನ ಉತ್ಪನ್ನ ತರುವಂತಿಲ್ಲ. ಮರ ಹತ್ತುವವರು ಹತ್ತುವುದನ್ನು ಬಿಟ್ಟರು, ಉಪ್ಪಿಲಿಗೆ ಹಬ್ಬವಾಯಿತು. ಅನೇಕರು ಕಾಫಿ ತೋಟಗಳ ಕೂಲಿಗೆಂದು ಬೆಟ್ಟ ಇಳಿದು ದೂರ ಹೋದರು. ಉಳಿದವರು ತಮ್ಮ ತುಂಡು ನೆಲದಲ್ಲಿ ರಾಗಿ ಹಾಕಿದರೆ ಅದು ಆನೆಗೋ ಹಂದಿಗೋ ಪಾಲಾಗುತ್ತದೆ. ಆನೆ ಅಷ್ಟಾಗಿ ತಿನ್ನದ ಕಾಫಿ, ಮೆಣಸು ಪೋಡುಗಳಲ್ಲಿ ಹಬ್ಬಿರುವುದಕ್ಕೆ ಇದೂ ಒಂದು ಕಾರಣ. ರಾಗಿ ಹೋದ ಮೇಲೆ ಊಟಕ್ಕೆ ನ್ಯಾಯಬೆಲೆ ಅಂಗಡಿಯ ಅಕ್ಕಿಯೇ ಗತಿ.

ಆರೋಗ್ಯದ ಮಾತು ಬಂದರೆ ಡಾ. ಎಚ್. ಸುದರ್ಶನ್ ಅವರನ್ನು ನೆನೆಯಲೇಬೇಕು. ಅವರು 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆ ಮತ್ತು ಶಾಲೆಯಿಂದ ಬೆಟ್ಟದ ಮಕ್ಕಳ ಒಂದು ತಲೆಮಾರೇ ಬೇರೆಯಾಯಿತು. ಸೋಲಿಗರಲ್ಲಿ ಕಾಣುವ ಕುಡುಗೋಲು ಕಣ ರಕ್ತಹೀನತೆ ಹುಟ್ಟಿನಿಂದ ಬರುವಂಥದ್ದು, ಜೀವನವಿಡೀ ನಿಗಾ ಬೇಕು. ಅಂದರೆ ರೋಗಿ ಆಸ್ಪತ್ರೆಗೆ ಮತ್ತೆ ಮತ್ತೆ ಬರುವಂತಿರಬೇಕು. ಕಾಡಿನೊಳಗಿನ ಪೋಡಿನಿಂದ ಹೆರಿಗೆ ನೋವಿನ ಹೆಂಗಸನ್ನು ರಾತ್ರಿ ಹೊರತರಬೇಕಾದರೆ ಮೊದಲು ಜೀಪು ಸಿಗಬೇಕು, ಆನೆ ದಾರಿ ಬಿಡಬೇಕು, ಕೊನೆಗೆ ಗೇಟು.

2011 ವಿಚಿತ್ರವಾದ ವರ್ಷ. ಜನವರಿಯಲ್ಲಿ ಬೆಟ್ಟವನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದರು. ಅದೇ ವರ್ಷ 25 ಪೋಡುಗಳ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಬಂತು. ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಸಂಗ್ರಹಿಸಬಹುದು, ಮಾರಬಹುದು, ಕಾಡಿನ ನಿರ್ವಹಣೆಯಲ್ಲಿ ಪಾಲುಗೊಳ್ಳಬಹುದು. ಸೋಲಿಗರು ತಮ್ಮ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ನೆಲೆಗಳನ್ನು ಗುರುತಿಸುತ್ತ ಕಾಡಿನ ನಕ್ಷೆ ಮಾಡಿದರು. ನಾನೂರಕ್ಕೂ ಹೆಚ್ಚು ಸ್ಥಳಗಳು ಸಿಕ್ಕವು. ನಿರ್ಜನ ಅರಣ್ಯ ಎಂದು ನಾವು ಬಣ್ಣಿಸುವ ಜಾಗದ ವಿಳಾಸಪಟ್ಟಿ ಅದು.

ಇಷ್ಟಾದರೂ ಇನ್ನೊಂದು ಮಾತು ಬಿಡದೆ ಕೇಳಿಬರುತ್ತದೆ: ಅಷ್ಟು ಒಳಗಿರುವ ಪೋಡಿಗೆ ಸವಲತ್ತು ಕೊಡಲಾಗದು, ಕುಟುಂಬಕ್ಕೆ 15 ಲಕ್ಷದ ಪ್ಯಾಕೇಜು ಪಡೆದು ಹೊರಗೆ ಬನ್ನಿ. ಮನಸ್ಸಿದ್ದವರು ಬರಲಿ, ಮಕ್ಕಳ ಓದಿಗಾಗಿ ಬರಬೇಕೆನ್ನುವವರೂ ಇರಬಹುದು. ಆದರೆ ದಾರಿ ತಡೆದವರೇ ದಾರಿಯಿಲ್ಲದ್ದನ್ನು ಕಾರಣವಾಗಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಪುರಾಣಿ ಪೋಡಿಗೆ ಡಾಂಬರು ರಸ್ತೆ ಹಾಕಿ ಎಂದೂ ನಾನು ಹೇಳುತ್ತಿಲ್ಲ. ಹಾಕಿದರೆ ಮರುವರ್ಷ ಅಲ್ಲೊಂದು ರೆಸಾರ್ಟು ಏಳುತ್ತದೆ. ಮಳೆಗಾಲದಲ್ಲೂ ಹೂತುಕೊಳ್ಳದ ಜೀಪಿನ ದಾರಿ ಇರಲಿ. ರೋಗಿಯನ್ನು ಕರೆತರುವ ಗಾಡಿಗೆ ಯಾವ ಹೊತ್ತಿನಲ್ಲೂ ಪ್ರಶ್ನೆ ಕೇಳದೆ ಗೇಟು ತೆರೆಯಲಿ.

ಬೆಂಕಿಯ ವಿಷಯ ಮಾತ್ರ ಹಕ್ಕುಪತ್ರ ಬಂದ ಮೇಲೂ ಕಗ್ಗಂಟಾಗಿಯೇ ಇದೆ. ಪ್ರತಿ ಬೇಸಿಗೆಗೆ ಇಲಾಖೆ ಬೆಂಕಿ ಕಾವಲಿಗೆ ದಿನಗೂಲಿಯ ಮೇಲೆ ಜನರನ್ನು ತೆಗೆದುಕೊಳ್ಳುತ್ತದೆ. ಆ ಕೆಲಸಕ್ಕೆ ಹಸಿ ಸೊಪ್ಪು ಹಿಡಿದು ಹೋಗುವವರಲ್ಲಿ ಸೋಲಿಗರೇ ಹೆಚ್ಚು. ಉರಿ ಆರಿಸಲು ಅವರ ತಿಳಿವಳಿಕೆ ಬೇಕು. ಯಾವಾಗ, ಎಲ್ಲಿ ಹಚ್ಚಿದರೆ ಒಳಿತು ಎಂದು ಅವರನ್ನು ಕೇಳುವ ಕ್ರಮ ಇನ್ನೂ ಬಂದಿಲ್ಲ.